ಬಾಗಿಲು ತೆಗೆದರೂ ಹಾರದ ಗಿಣಿ

ನಾವು ಮೇಷ್ಟ್ರು-ಟೀಚರುಗಳು ದಿನಕ್ಕೊಂದು ಸಲವಾದರೂ ಬಳಸುವ ಮಾತು 'ಗಿಣಿಪಾಠ'. ಅರ್ಥ ತಿಳಿಯದೆ ಪದ್ಯ ಒಪ್ಪಿಸುವ ಮಗುವನ್ನು ಕಂಡರೆ "ಏನೋ ಇದು ಗಿಣಿಪಾಠ!" ಅಂತ ಗದರಿಬಿಡುತ್ತೇವೆ. ಈ ಮಾತನ್ನು ಮೊದಲು ಆಡಿದವರು ಗಿಣಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದರೋ ಗೊತ್ತಿಲ್ಲ. ನಾನು ಒಂದು ಗಿಣಿಯ ಜೊತೆ ಹದಿಮೂರು ತಿಂಗಳು ಕಳೆದಿದ್ದೇನೆ. ಒಪ್ಪಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಆ ಕತೆಯನ್ನೇ ಇವತ್ತು ಹೇಳಬೇಕು ಅಂತಿದ್ದೇನೆ. ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ತಾಳವಾಡಿ ಸೀಮೆ. ಲೆಕ್ಕಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಮಾತು ಕನ್ನಡ. ಚಾಮರಾಜನಗರ ಇಲ್ಲೇ ಮಗ್ಗುಲಲ್ಲಿದೆ. ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಮಾತ್ರ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಮುಂದೆ ಸಾಗಬೇಕು. ಸುತ್ತಲೂ ಕಾಡು, 2013ರಿಂದ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಗಿಣಿಗಳಿಗೆ ಇಲ್ಲಿ ಬರವಿಲ್ಲ. ಮುಸುಕಿನ ಜೋಳ, ಸೂರ್ಯಕಾಂತಿ ಕಾಳು ಕಟ್ಟಿತು ಅಂದರೆ ಹಿಂಡು ಹಿಂಡಾಗಿ ಬಂದು ಇಳಿಯುತ್ತವೆ. ಹೊಲದವರು ತಗಡು ಬಡಿದು, ಕೂಗಿ ಓಡಿಸುತ್ತಾರೆ. ಗಿಣಿ ಓಡಿಸುವ ವಿದ್ಯೆ ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು.

ಇನ್ನೊಂದು ತರದ ಗಿಣಿ ಘಾಟಿಯ ಕೆಳಗಿನಿಂದ ಬರುತ್ತಿತ್ತು, ಪೆಟ್ಟಿಗೆಯಲ್ಲಿ ಕೂತು. ತಮಿಳಿನಲ್ಲಿ ಕಿಳಿ ಜೋಸ್ಯಂ ಅನ್ನುತ್ತಾರೆ, ನಾವು ಗಿಣಿ ಶಾಸ್ತ್ರ ಅನ್ನುತ್ತೇವೆ. ಸಂತೆಯಲ್ಲಿ, ಜಾತ್ರೆಯಲ್ಲಿ ನೀವೂ ನೋಡಿರುತ್ತೀರಿ. ಮರದ ಸಣ್ಣ ಗೂಡು, ಮುಂದೆ ಸಾಲಾಗಿ ಜೋಡಿಸಿದ ಚೀಟಿಗಳು. ಸಾಮಾನ್ಯವಾಗಿ 27, ನಕ್ಷತ್ರಕ್ಕೊಂದರಂತೆ. ಶಾಸ್ತ್ರದವರು ಬಾಗಿಲು ಎತ್ತಿ ಹೆಸರು ಹೇಳಿದರೆ ಗಿಣಿ ಹೊರಗೆ ಬಂದು, ಕೊಕ್ಕಿನಿಂದ ಒಂದು ಚೀಟಿ ಎಳೆದುಕೊಟ್ಟು, ಒಂದು ಭತ್ತದ ಕಾಳು ತಿಂದು, ತಾನೇ ಮತ್ತೆ ಗೂಡಿನೊಳಗೆ ಹೋಗುತ್ತದೆ. ಚಿಕ್ಕವಳಿದ್ದಾಗ ನನಗೆ ಚೀಟಿಯಲ್ಲಿ ಯಾವ ದೇವರು ಬಂತು ಅನ್ನುವುದಕ್ಕಿಂತ ಅದು ಒಳಗೆ ಹೋಗುವುದೇ ದೊಡ್ಡ ಆಶ್ಚರ್ಯ. ಆಕಾಶ ಅಷ್ಟು ದೊಡ್ಡದಿದೆ, ಯಾಕೆ ಹಾರಿ ಹೋಗುವುದಿಲ್ಲ?

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದಿದವರಿಗೂ ಇದು ಗೊತ್ತಿರುವುದಿಲ್ಲ. ನಮ್ಮ ದೇಶದ ಗಿಣಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೂ ಗಿಣಿಗಳಿಗೆ ರಕ್ಷಣೆ ಮುಂದುವರಿದಿದೆ. ಅಂಗಡಿಯಲ್ಲಿ ಮಾರುವ ಲವ್ ಬರ್ಡ್ಸ್, ಕಾಕಟೀಲ್ ಇವೆಲ್ಲ ಹೊರದೇಶದವು, ಅವುಗಳ ನಿಯಮ ಬೇರೆ. ನಮ್ಮ ಹಸಿರು ಗಿಣಿ ಮಾತ್ರ ಕಾಡಿನದು, ಹುಲಿ ಆನೆಗಳ ಹಾಗೆ.

2023ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆಯವರು ಒಂದು ಸಂತೆಯಲ್ಲಿ ಶಾಸ್ತ್ರದ ಗಿಣಿಯೊಂದನ್ನು ವಶಪಡಿಸಿಕೊಂಡರು. ಆನೆ ಓಡಿಸುವುದಕ್ಕೆ ಅವರ ಹತ್ತಿರ ಜನ ಇದ್ದಾರೆ. ಒಂದು ಗಿಣಿಯನ್ನು ವರ್ಷಗಟ್ಟಲೆ ಕಾಯುವುದಕ್ಕೆ ಎಲ್ಲಿಂದ ತರುತ್ತಾರೆ? ನಮ್ಮ ಶಾಲೆಯ ಹಸಿರು ಪಡೆಯ ಜವಾಬ್ದಾರಿ ನನ್ನದು. ಆ ಪರಿಚಯದ ಮೇಲೆ ಪಶುವೈದ್ಯರನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದರು. ಒಂದು ಪತ್ರ ಬರೆದರು, ನನ್ನ ಸಹಿ ಹಾಕಿಸಿಕೊಂಡರು. "ರೆಕ್ಕೆ ಬರೋ ತನಕ ನೋಡ್ಕೊಳ್ಳಿ ಟೀಚರ್. ತಿಂಗಳಿಗೊಂದು ಫೋಟೋ ಕಳಿಸಿ. ಇದು ಸರ್ಕಾರದ ಹಕ್ಕಿ, ನಿಮ್ಮದಲ್ಲ, ನೆನಪಿರಲಿ" ಅಂದರು. ಹಾಗಾಗಿ ಇದನ್ನು ದತ್ತು ಅನ್ನುವ ಹಾಗಿಲ್ಲ. ಬಾಣಂತನಕ್ಕೆ ಬಂದ ಮಗಳು ಅಂದುಕೊಳ್ಳಿ, ಕಳಿಸುವುದಕ್ಕೇ ಕರೆದುಕೊಂಡದ್ದು.

ಮಗಳು ಅಂದೆನಲ್ಲ, ಅದೂ ಒಂದು ತಮಾಷೆ. ಅದರ ಹೆಸರು ಮೀನಾಕ್ಷಿ ಅಂತೆ. ಮಧುರೆ ಮೀನಾಕ್ಷಿಯ ಕೈಯಲ್ಲಿ ಗಿಣಿ ಇದೆಯಲ್ಲ, ಅದಕ್ಕೆ. ಡಾಕ್ಟರು ಕೊರಳು ತೋರಿಸಿ ನಕ್ಕರು. ಕಪ್ಪು, ಗುಲಾಬಿ ಉಂಗುರ ಇರುವುದು ಗಂಡಿಗೆ; ಅದೂ ಎರಡು ಮೂರು ವರ್ಷ ತುಂಬುವ ಹೊತ್ತಿಗೆ ಮೂಡುವುದು. ನಮ್ಮ ಮೀನಾಕ್ಷಿಗೆ ಉಂಗುರ ಸೊಗಸಾಗಿ ಮೂಡಿತ್ತು! ಅತ್ತೆ ಮಾತ್ರ "ಗಂಡೋ ಹೆಣ್ಣೋ, ಇಟ್ಟ ಹೆಸರ ಬದ್ಲಾಯಿಸ್ಬಾರ್ದು ಕನವ್ವ" ಅಂದುಬಿಟ್ಟರು. ಮೀನಾಕ್ಷಿ ಮೀನಾಕ್ಷಿಯಾಗಿಯೇ ಉಳಿಯಿತು.

ಡಾಕ್ಟರು ರೆಕ್ಕೆ ಬಿಡಿಸಿ ತೋರಿಸಿದಾಗ ನನ್ನ ಚಿಕ್ಕಂದಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ತುದಿಯ ಉದ್ದ ಗರಿಗಳು ಎರಡೂ ಕಡೆ ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದವು. ಗರಿ ಅನ್ನುವುದು ಬೆಳೆದು ಮುಗಿದ ಮೇಲೆ ನಮ್ಮ ಉಗುರಿನ ತುದಿಯ ಹಾಗೆ, ಜೀವ ಇರುವುದಿಲ್ಲ. ಆದರೆ ಕತ್ತರಿಸಿದ ಉಗುರು ಬುಡದಿಂದ ಬೆಳೆಯುತ್ತಾ ಬರುತ್ತದೆ, ಕತ್ತರಿಸಿದ ಗರಿ ಹಾಗೆ ಬೆಳೆಯುವುದಿಲ್ಲ. ಆ ಮೋಟು ಉದುರಿ, ಅದೇ ಜಾಗದಲ್ಲಿ ಹೊಸದು ಹುಟ್ಟಬೇಕು. ಹಕ್ಕಿ ಗರಿ ಬದಲಿಸುವುದು ಸುಮಾರು ವರ್ಷಕ್ಕೊಂದು ಸಲ. ಅಲ್ಲಿಯ ತನಕ ಕಾಯಬೇಕು, ಬೇರೆ ಔಷಧ ಇಲ್ಲ.

ಮೊದಲ ದಿನ ಗೂಡಿನ ಬಾಗಿಲು ಎತ್ತಿದೆವು. ಮೀನಾಕ್ಷಿ ಟುಕುಟುಕು ನಡೆದು ಹೊರಗೆ ಬಂತು. ನೆಲದ ಮೇಲೆ ಚೀಟಿ ಹುಡುಕಿತು. ಅಲ್ಲಿ ನಾನು ತಿದ್ದಲು ತಂದಿದ್ದ ಮಕ್ಕಳ ನೋಟ್ ಪುಸ್ತಕಗಳಿದ್ದವು. ಒಂದರ ರಟ್ಟನ್ನು ಕೊಕ್ಕಿನಿಂದ ಎಳೆದು, ತಲೆ ಎತ್ತಿ, ಕಾಳಿಗೆ ಒಂದು ಗಳಿಗೆ ಕಾದು, ತಿರುಗಿ ಒಳಗೆ ಹೋಗಿ ಕೂತುಕೊಂಡಿತು. ಕೂಗಲಿಲ್ಲ, ಕಚ್ಚಲಿಲ್ಲ. ನೋಡುತ್ತಿದ್ದ ಅಕ್ಕಪಕ್ಕದವರೆಲ್ಲ "ಎಷ್ಟು ಚೆನ್ನಾಗಿ ಪಳಗದ!" ಅಂದರು. ಡಾಕ್ಟರು ತಲೆ ಅಲ್ಲಾಡಿಸಿದರು. "ಪಳಗಿಲ್ಲ ಮೇಡಂ, ಹೆದರಿದೆ. ಎರಡೂ ದೂರದಿಂದ ಒಂದೇ ತರ ಕಾಣುತ್ತೆ."

ಅವರು ಹೇಳಿದ ಮೇಲೆ ನೋಡಿದರೆ ಎಲ್ಲ ಕಣ್ಣೆದುರಿಗೇ ಇತ್ತು. ಗರಿಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡು ತೆಳ್ಳಗೆ ನಿಲ್ಲುತ್ತಿತ್ತು. ಯಾರಾದರೂ ಕೋಣೆಯಲ್ಲಿದ್ದರೆ ಒಂದು ಕಾಳೂ ತಿನ್ನುತ್ತಿರಲಿಲ್ಲ. ಕೊಕ್ಕಿನಿಂದ ಗರಿ ನೀವಿಕೊಳ್ಳುತ್ತಿರಲಿಲ್ಲ. ಸಮಾಧಾನವಾಗಿರುವ ಗಿಣಿ ಮೈ ಉಬ್ಬಿಸಿಕೊಂಡು ಒಂಟಿ ಕಾಲಲ್ಲಿ ನಿಲ್ಲುತ್ತದೆ, ನಿದ್ದೆಗೆ ಮುಂಚೆ ಕೊಕ್ಕನ್ನು ಕರಕರ ತಿಕ್ಕುತ್ತದೆ. ಇದು ಯಾವುದನ್ನೂ ಮಾಡುತ್ತಿರಲಿಲ್ಲ. ಹೇಳಿದ ಕೆಲಸ ಒಂದನ್ನು ಮಾತ್ರ ತಪ್ಪದೆ ಮಾಡುತ್ತಿತ್ತು.

ಟಿ.ಸಿ.ಎಚ್. ಓದುವಾಗ ಮನಃಶಾಸ್ತ್ರದ ಪತ್ರಿಕೆಯಲ್ಲಿ ಸ್ಕಿನ್ನರ್ ಅಂತ ಒಬ್ಬರು ಬರುತ್ತಿದ್ದರು. ಪೆಟ್ಟಿಗೆಯೊಳಗಿನ ಪಾರಿವಾಳ ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುತ್ತದೆ, ಬಿದ್ದರೆ ಮತ್ತೆ ಕುಕ್ಕುತ್ತದೆ. ಹತ್ತು ಅಂಕದ ಪ್ರಶ್ನೆ. ನಾನೂ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ಪಾರಿವಾಳಕ್ಕೆ ಸ್ಕಿನ್ನರ್ ಸಾಹೇಬರನ್ನು ಕಂಡರೆ ಇಷ್ಟವಿತ್ತೋ ಇಲ್ಲವೋ, ಅದನ್ನು ಯಾರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ.

ಹಿತ್ತಿಲ ಜಗಲಿಗೆ ಜಾಲರಿ ಹೊಡೆಸಿದೆವು. ಒಳಗೆ ಸೀಬೆ ಮರದ ಕೊಂಬೆಗಳನ್ನು ಕಟ್ಟಿದೆವು. ಗಿಣಿಯ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಹಿಡಿದು ಹತ್ತುವುದಕ್ಕೆ ಸಪೂರ, ದಪ್ಪ ಎಲ್ಲ ತರದ ಕೊಂಬೆ ಬೇಕು. ಹಳೆಯ ಪೆಟ್ಟಿಗೆಯನ್ನು ಬಾಗಿಲು ಕಿತ್ತು ಅದರೊಳಗೇ ಒಂದು ಮೂಲೆಯಲ್ಲಿಟ್ಟೆವು, ಅದಕ್ಕೆ ಪರಿಚಯದ ಜಾಗ ಅಂತ ಅದೊಂದೇ ಇದ್ದದ್ದು. ಮನೆಯವರಿಗೆಲ್ಲ ಮೂರು ನಿಯಮ ಹೇಳಿದೆ. ಗೂಡಿನೊಳಗೆ ಕೈ ಹಾಕಿ ಹಿಡಿಯಬಾರದು. ತಮಿಳಿನ ಆ ಅಪ್ಪಣೆಗಳು, 'ವಾ', 'ಎಡು', 'ಉಳ್ಳೇ ಪೋ', ಯಾರೂ ಬಾಯಲ್ಲಿ ತರಬಾರದು. ಕಾಳನ್ನು ಕೂಲಿಯ ಹಾಗೆ ಕೊಡಬಾರದು; ಹೊತ್ತಿಗೆ ಸರಿಯಾಗಿ ಇಟ್ಟು ಬಂದುಬಿಡಬೇಕು. ಏನೂ ಮಾಡದಿದ್ದರೂ ಊಟ ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು.

ಬರೀ ಭತ್ತ ತಿಂದು ಬೆಳೆದ ಹಕ್ಕಿ. ಡಾಕ್ಟರ ಮಾತಿನಂತೆ ಮೊಳಕೆ ಕಾಳು, ನುಗ್ಗೆ ಸೊಪ್ಪು, ಕ್ಯಾರೆಟ್, ಸೀಬೆ ಹಣ್ಣು, ಹಸಿ ಜೋಳದ ತೆನೆ ಎಲ್ಲ ಒಂದೊಂದಾಗಿ ಶುರು ಮಾಡಿದೆವು. ಮೊದಲು ಮೂಸಿಯೂ ನೋಡಲಿಲ್ಲ. ಮೆಣಸಿನಕಾಯಿ ಒಂದನ್ನು ಮಾತ್ರ ಪ್ರೀತಿಯಿಂದ ತಿಂದಿತು. ಮೆಣಸಿನ ಖಾರ ಹಕ್ಕಿಗಳ ಬಾಯಿಗೆ ತಾಗುವುದೇ ಇಲ್ಲವಂತೆ! ಬೆಣ್ಣೆಹಣ್ಣು, ಚಾಕೊಲೇಟು ಗಿಣಿಗೆ ವಿಷ. ನಾನ್-ಸ್ಟಿಕ್ ತವ ಅತಿಯಾಗಿ ಕಾದರೆ ಬರುವ ಹೊಗೆಯೂ ಹಕ್ಕಿಗಳ ಪ್ರಾಣ ತೆಗೆಯುತ್ತದೆ. ಅದು ಕೇಳಿದ ದಿನವೇ ಅತ್ತೆ ಅಟ್ಟದಿಂದ ಹಳೆಯ ಕಬ್ಬಿಣದ ಕಾವಲಿ ಇಳಿಸಿದರು. ದೋಸೆಗೂ ಒಳ್ಳೆಯದೇ ಆಯಿತು.

ನಾನು ಮಾಡಿದ್ದು ಇಷ್ಟೇ. ಶಾಲೆಯಿಂದ ಬಂದ ಮೇಲೆ ದಿನಾ ಸಂಜೆ ಜಾಲರಿಯ ಪಕ್ಕ ಚಾಪೆ ಹಾಕಿಕೊಂಡು ನೋಟ್ ಪುಸ್ತಕ ತಿದ್ದುವುದು. ಅದರ ಕಡೆಗೆ ಮುಖ ಮಾಡಿ ನೋಡುತ್ತಿರಲಿಲ್ಲ. ಎರಡೂ ಕಣ್ಣು ಮುಂದಕ್ಕಿಟ್ಟು ದಿಟ್ಟಿಸುವುದು ಹದ್ದು, ಬೆಕ್ಕುಗಳ ಕೆಲಸ. ಗಿಣಿಯ ಕಣ್ಣು ಪಕ್ಕಕ್ಕಿದೆ, ಅದು ಹಿಡಿಯುವ ಜಾತಿಯಲ್ಲ, ಹಿಡಿಸಿಕೊಳ್ಳುವ ಜಾತಿ. ಹಾಗಾಗಿ ನಾನೂ ಪಕ್ಕಕ್ಕೆ ತಿರುಗಿ ಕೂತು, ಮಕ್ಕಳ ಬರಹವನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದೆ. 'ನನ್ನ ಮೆಚ್ಚಿನ ಪ್ರಾಣಿ ಹಸು' ಅನ್ನುವ ಪ್ರಬಂಧ ಅದು ಎಷ್ಟು ಸಲ ಕೇಳಿತೋ ಪಾಪ. ಇಪ್ಪತ್ತು ದಿನ ಹೀಗೇ ಕಳೆಯಿತು. ಒಂದು ಸಂಜೆ ಬೆನ್ನ ಹಿಂದೆ ಕಟಕಟ ಸದ್ದು. ನಾನು ತಿರುಗಲಿಲ್ಲ. ನಾನಿರುವಾಗ ಅದು ತಿಂದ ಮೊದಲ ಕಾಳು ಅದು.

ಊರಿನವರದು ಬೇರೆಯೇ ಲೆಕ್ಕ. ಶಾಸ್ತ್ರದ ಗಿಣಿ ಟೀಚರ ಮನೆಗೆ ಬಂದಿದೆ ಅಂತ ಸುದ್ದಿಯಾಯಿತು. "ಟೀಚರಮ್ಮ, ನಮ್ಮ ಹೈದನಿಗೆ ಒಂದು ಚೀಟಿ ಎತ್ತುಸ್ರಮ್ಮ, ಹೆಣ್ಣು ಸಿಕ್ಕದಾ ಇಲ್ವಾ ಅಂತ" ಅಂತ ಒಬ್ಬರು. ಬೋರ್‌ವೆಲ್‌ ಎಲ್ಲಿ ಹಾಕಿಸಬೇಕು ಅಂತ ಕೇಳಲು ಇನ್ನೊಬ್ಬರು ಹೊಲದ ನಕ್ಷೆಯನ್ನೇ ತಂದಿದ್ದರು. ಅತ್ತೆಗೂ ಒಳಗೊಳಗೆ ಆಸೆ, ಮೊಮ್ಮಗಳ ಓದಿನ ವಿಷಯ ಕೇಳಬೇಕು ಅಂತ. "ಅದು ರಜಾದಲ್ಲಿ ಅದೆ ಅತ್ತೆ, ಕೆಲಸ ಹೇಳೋ ಹಾಗಿಲ್ಲ" ಅಂದೆ. ಸರ್ಕಾರಿ ಕೆಲಸದವಳ ಬಾಯಲ್ಲಿ ರಜಾ ಅನ್ನುವ ಮಾತು ಬಂದರೆ ಅವರು ಮರುಮಾತಾಡುವುದಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ನೀರಿನ ಬಟ್ಟಲು ಬದಲಿಸುತ್ತಿದ್ದೆ. ಮೀನಾಕ್ಷಿ ಕೊಂಬೆಯ ಮೇಲೆ ಓಡಿ ಬಂದು ಕಿರುಚಿ ನನ್ನ ಬೆರಳು ಕಚ್ಚಿತು. ರಕ್ತ ಸುರಿಯಿತು. ಮನೆಯವರು ಅರಿಶಿನ ತಂದು ಹಚ್ಚುತ್ತಾ "ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಇದಾ ಫಲ" ಅಂದರು. ನನಗೆ ಮಾತ್ರ ಎಂಥದೋ ಖುಷಿ. ಎರಡು ತಿಂಗಳಲ್ಲಿ ಅದು ಮೊದಲ ಸಲ 'ಬೇಡ' ಅಂದಿತ್ತು. ಬೇಡ ಅಂದರೂ ಇವರು ಹೊಡೆಯುವುದಿಲ್ಲ, ಊಟ ನಿಲ್ಲಿಸುವುದಿಲ್ಲ ಅಂತ ಧೈರ್ಯ ಬಂದ ಮೇಲೆ ತಾನೆ ಯಾರಾದರೂ ಬೇಡ ಅನ್ನುವುದು? ಮಾರನೇ ದಿನದಿಂದ ಬಟ್ಟಲು ತೆಗೆಯುವ ಮುಂಚೆ ಸ್ವಲ್ಪ ನಿಲ್ಲುತ್ತಿದ್ದೆ. ಅದು ಕತ್ತು ಉಬ್ಬಿಸಿ, ಕಣ್ಣಿನ ಪಾಪೆಯನ್ನು ಚಿಕ್ಕದು ದೊಡ್ಡದು ಮಾಡಿದರೆ ಹಿಂದೆ ಸರಿಯುತ್ತಿದ್ದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟರೆ ಕೈ ಹಾಕುತ್ತಿದ್ದೆ. ಆಮೇಲೆ ಕಚ್ಚಲಿಲ್ಲ. ಏಪ್ರಿಲ್ ಹೊತ್ತಿಗೆ ಜಾಲರಿಯ ಸಂದಿಯಿಂದ ಸೀಬೆ ಹೋಳನ್ನು ಕೈಯಿಂದಲೇ ತೆಗೆದುಕೊಳ್ಳುತ್ತಿತ್ತು. ನನ್ನ ಕೈಬೆರಳನ್ನು ಕೊಕ್ಕಿನಲ್ಲಿ ಹಿಡಿದು ಒತ್ತದೆ ಬಿಡುತ್ತಿತ್ತು. ಕುಕ್ಕರಿನ ಸೀಟಿ ಕಲಿತು, ಅಡುಗೆಮನೆಯಲ್ಲಿ ಅತ್ತೆಯ ಲೆಕ್ಕ ತಪ್ಪಿಸುತ್ತಿತ್ತು.

ಬೇಸಿಗೆ ರಜೆಯಲ್ಲಿ ಒಬ್ಬರು ವಯಸ್ಸಾದವರು ಮನೆ ಹುಡುಕಿಕೊಂಡು ಬಂದರು. ಮೀನಾಕ್ಷಿಯ ಶಾಸ್ತ್ರದವರು. ದಂಡ ಕಟ್ಟಿ ಆಗಿತ್ತು, ಈಗ ಬರೀ ಕೈ ನೋಡಿ ಹೇಳುತ್ತಾರಂತೆ. "ತೆಗೊಂಡು ಹೋಗೋಕೆ ಬರಲಿಲ್ಲಮ್ಮ, ಒಂದು ಸಲ ನೋಡ್ಕೊಂಡು ಹೋಗ್ತೀನಿ" ಅಂತ ತಮಿಳಿನಲ್ಲಿ ಅಂದರು. ಫೋನಿನಲ್ಲಿ ಗಾರ್ಡ್ ಅವರನ್ನು ಕೇಳಿ, ಒಳಗೆ ಕರೆದೆ. ಜಾಲರಿಯ ಮುಂದೆ ಕೂತು "ಮೀನಾಚ್ಚಿ, ವಾಮ್ಮಾ" ಅಂದರು. ಅಷ್ಟೇ. ಮೇಲಿನ ಕೊಂಬೆಯಲ್ಲಿದ್ದ ಹಕ್ಕಿ ಸರಸರ ಇಳಿದು, ನೆಲದಲ್ಲಿದ್ದ ಒಂದು ಒಣ ಸೀಬೆ ಎಲೆಯನ್ನು ಕೊಕ್ಕಿನಿಂದ ಎತ್ತಿ, ಜಾಲರಿಯ ಹತ್ತಿರ ತಂದು ನಿಂತಿತು. ಮುದುಕರು ಸಂದಿಯಿಂದ ಎಲೆ ತೆಗೆದುಕೊಂಡು ಜೇಬು ತಡಕಿದರು. ಜೇಬಿನಲ್ಲಿ ಭತ್ತದ ಕಾಳು ಇನ್ನೂ ಇತ್ತು.

ನಾನು ಅವರನ್ನು ಕೆಟ್ಟವರು ಅನ್ನಲಾರೆ. ತಾವು ಉಣ್ಣುವ ಮುಂಚೆ ಅದಕ್ಕೆ ಹಾಕುತ್ತಿದ್ದರು, ಚಳಿಗಾಲದಲ್ಲಿ ಪೆಟ್ಟಿಗೆಗೆ ತಮ್ಮ ಟವೆಲ್ ಹೊದಿಸುತ್ತಿದ್ದರು. ಟೀ ಕೊಡುತ್ತಾ ಕೇಳಿದೆ, "ಅಯ್ಯಾ, ಅಷ್ಟು ಪ್ರೀತಿ ಇದ್ದರೆ ರೆಕ್ಕೆ ಯಾಕೆ ಕತ್ತರಿಸ್ತಿದ್ರಿ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕತ್ತರಿಸದೇ ಇದ್ದಿದ್ದರೂ ಅದು ನನ್ನ ಹತ್ತಿರಾನೇ ಇರ್ತಿತ್ತೇನೋ... ಒಂದು ಸಲವೂ ಬಿಟ್ಟು ನೋಡೋ ಧೈರ್ಯ ಬರಲಿಲ್ಲಮ್ಮ" ಅಂದರು. ಲೋಟ ಕೆಳಗಿಟ್ಟು, ಕೊನೆಯ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅವರ ದನಿಗೆ ಹಕ್ಕಿ ಇಳಿದು ಬಂದದ್ದು ಅಭ್ಯಾಸವೋ, ಅಕ್ಕರೆಯೋ? ಹೋಗುವ ದಾರಿಯೇ ಇಲ್ಲದವರು ಉಳಿದರೆ ಅದನ್ನು ಪ್ರೀತಿ ಅಂತ ಹೇಗೆ ಅಳೆಯುವುದು? ನಮ್ಮ ಶಾಲೆಯಲ್ಲೂ ಆ ವರ್ಷ ಬೆಟ್ಟದ ಕಡೆಯ ದೊಡ್ಡಿಯೊಂದರಿಂದ ಒಂದನೇ ತರಗತಿಗೆ ಒಂದು ಹುಡುಗಿ ಸೇರಿದ್ದಳು. ಕೂರು ಅಂದರೆ ಕೂರುವುದು, ಬರಿ ಅಂದರೆ ಬರೆಯುವುದು. ಕೈಕಟ್ಟಿದರೆ ಬೆಲ್ಲು ಹೊಡೆಯುವ ತನಕ ಬಿಚ್ಚುತ್ತಿರಲಿಲ್ಲ. ತಪಾಸಣೆಗೆ ಬಂದವರೆಲ್ಲ ಮೆಚ್ಚುವಂಥ ಮಗು. ನನಗೆ ಮಾತ್ರ ಅವಳನ್ನು ನೋಡಿದಾಗಲೆಲ್ಲ ಗರಿ ಬಿಗಿ ಹಿಡಿದು ನಿಂತ ಮೀನಾಕ್ಷಿ ನೆನಪಾಗುತ್ತಿತ್ತು. ಅವಳ ಪಕ್ಕ ಕೂತು ನನ್ನ ಪಾಡಿಗೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಸ್ಲೇಟು ದೂರ ತಳ್ಳಿ "ನಾ ಬರಿಯಲ್ಲ" ಅಂದಳು. "ಬೇಡ ಬಿಡವ್ವ" ಅಂದೆ. ಅರ್ಧ ಗಂಟೆ ಕಳೆದ ಮೇಲೆ ಅವಳೇ ಶುರು ಮಾಡಿದಳು, ಕೂಲಿಗೆ ಹೋದ ಅವ್ವ ಹಬ್ಬಕ್ಕೂ ಬಂದಿಲ್ಲ ಅಂತ. ಅವತ್ತಿನಿಂದ ಅವಳ ಬಾಯಿ ನಿಲ್ಲಿಸುವುದೇ ಕಷ್ಟ!

ಆ ಹೊತ್ತಿಗೆ ಮೀನಾಕ್ಷಿಯ ಮೋಟು ಗರಿಗಳು ಒಂದೊಂದಾಗಿ ಉದುರುತ್ತಿದ್ದವು. ಹೊಸ ಗರಿ ಮೊದಲು ಮೊಳೆಯ ಹಾಗೆ ಸಿಪ್ಪೆಯೊಳಗೆ ಸುತ್ತಿಕೊಂಡು ಬರುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ, ಮುರಿದರೆ ಸೋರುತ್ತದೆ. ಆ ದಿನಗಳಲ್ಲಿ ಗಿಣಿಗೆ ಸಿಡಿಮಿಡಿ. ನಾವೆಲ್ಲ ದೂರ ಇದ್ದೆವು. ರಾತ್ರಿಯಾದರೆ ಮಾತ್ರ ಅದೇ ಬಾಗಿಲಿಲ್ಲದ ಹಳೇ ಪೆಟ್ಟಿಗೆಗೆ ಹೋಗಿ ಮಲಗುತ್ತಿತ್ತು. ಎಂಟು ತಿಂಗಳು ಹೀಗೇ. ಒಂದು ಬೆಳಿಗ್ಗೆ ನೋಡಿದರೆ ನೆಲದ ತುಂಬ ಮರದ ಚೂರು. ಪೆಟ್ಟಿಗೆಯ ಕಡ್ಡಿಗಳನ್ನು ಕಡಿದು ಕಡಿದು ಉದುರಿಸಿತ್ತು. ಗಿಣಿಗೆ ಮರ ಕಡಿಯುವುದು ಹುಟ್ಟುಗುಣ, ಅದರಲ್ಲಿ ದೊಡ್ಡ ಅರ್ಥ ಹುಡುಕಬಾರದು. ಆದರೂ ವಾರದೊಳಗೆ ಪೆಟ್ಟಿಗೆ ಸೌದೆಯಾಯಿತು. ಮೀನಾಕ್ಷಿ ಸೀಬೆ ಕೊಂಬೆಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು, ಕೊಕ್ಕು ಕರಕರ ತಿಕ್ಕಿ ನಿದ್ದೆ ಮಾಡಿತು.

ಆಮೇಲೆ ಇನ್ನೂ ಕಷ್ಟದ ಕೆಲಸ ಇತ್ತು. ಕರೆದರೆ ಬರುವ, ಮನುಷ್ಯರಿಗೆ ಹೆದರದ ಗಿಣಿಯನ್ನು ಹೊರಗೆ ಬಿಟ್ಟರೆ ಏನಾಗುತ್ತದೆ? ಬೇರೆ ಯಾರೋ ಕೈ ಚಾಚುತ್ತಾರೆ, ಅದು ಹೋಗುತ್ತದೆ, ಮತ್ತೆ ಕತ್ತರಿ. ಡಾಕ್ಟರು, ಗಾರ್ಡ್ ಇಬ್ಬರೂ ಅದನ್ನೇ ಹೇಳಿದರು. ವರ್ಷ ಪೂರ್ತಿ ಸಂಪಾದಿಸಿದ ನಂಬಿಕೆಯನ್ನು ಈಗ ನಾನೇ ಕರಗಿಸಬೇಕಿತ್ತು. ನವೆಂಬರಿನಿಂದ ಚಾಪೆ ಹಾಕುವುದು ನಿಲ್ಲಿಸಿದೆ. ಕೈಯಿಂದ ಕೊಡುವುದು ನಿಲ್ಲಿಸಿದೆ. ಕತ್ತಲಿರುವಾಗಲೇ ಮೇಲಿನ ತಟ್ಟೆಗೆ ಹಾಕಿ ಮಾತಾಡದೆ ಬರುತ್ತಿದ್ದೆ. ಅದು ಜಾಲರಿಗೆ ಜೋತು ಬಿದ್ದು ಕುಕ್ಕರಿನ ಸೀಟಿ ಹೊಡೆದು ಕರೆಯುತ್ತಿತ್ತು. ಕೇಳದವಳ ಹಾಗೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ. ಕಣ್ಣಲ್ಲಿ ನೀರು ಬಂದದ್ದನ್ನು ಈರುಳ್ಳಿಯ ತಲೆಗೆ ಕಟ್ಟಿದ್ದೂ ಉಂಟು.

ಅದು ಕರೆಯುವುದು ಕಡಿಮೆಯಾಯಿತು. ಜಗಲಿಯ ಈ ತುದಿಯಿಂದ ಆ ತುದಿಗೆ ಹಾರಾಟ ಜಾಸ್ತಿಯಾಯಿತು. ಸಂಜೆ ಹೊತ್ತು ಕಾಡಿನ ಕಡೆಗೆ ತಂಗಲು ಹೋಗುವ ಹಿಂಡುಗಳು ಕೀಕೀ ಅನ್ನುತ್ತಾ ಮನೆ ಮೇಲೆ ಹಾದು ಹೋಗುತ್ತವೆ. ಮೀನಾಕ್ಷಿ ಅವುಗಳ ದನಿಯಲ್ಲೇ ಉತ್ತರ ಕೊಡತೊಡಗಿತು. ನಮ್ಮ ಮಾತನ್ನು ಗಿಣಿ ಕಲಿಯುವುದು ನಮ್ಮ ಮೇಲಿನ ಮೋಹಕ್ಕಲ್ಲ. ಅದು ಹಿಂಡಿನ ಜೀವ, ಜೊತೆಯಲ್ಲಿರುವವರ ದನಿ ಕಲಿಯುತ್ತದೆ. ಯಾರೂ ಇಲ್ಲದಾಗ ನಾವೇ ಹಿಂಡು, ಕುಕ್ಕರೂ ಹಿಂಡು.

2025ರ ಜನವರಿ, ಸಂಕ್ರಾಂತಿ ಕಳೆದ ಮೇಲೆ, ಡಾಕ್ಟರು ನೋಡಿ ಸರಿ ಅಂದರು. ಇಲಾಖೆಯವರ ಎದುರಿಗೆ ಬೆಳಿಗ್ಗೆ ಜಾಲರಿಯ ಮೇಲಿನ ಹಲಗೆ ತೆಗೆದೆವು. ಮೀನಾಕ್ಷಿ ಹೊರಗೆ ಬರಲಿಲ್ಲ. ಅಂಚಿನಲ್ಲಿ ಕೂತು ಇಡೀ ದಿನ ನೋಡಿತು. ಎರಡನೇ ದಿನ ಹುಣಸೆ ಮರಕ್ಕೆ ಹಾರಿತು. ಸಂಜೆ ತಟ್ಟೆಗೆ ಬಂದು ತಿಂದು, ಮತ್ತೆ ಮರಕ್ಕೇ ಹೋಯಿತು. ಹನ್ನೊಂದು ದಿನ ಬಂತು. ಹನ್ನೆರಡನೇ ದಿನ ಬರಲಿಲ್ಲ. ಕಾಳು ಹಾಗೇ ಇತ್ತು, ಅಳಿಲು ತಿಂದವು.

ನಿಮ್ಮ ಕಡೆ ಗಾಯಗೊಂಡ ಗಿಣಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲಾಗಿ ಇಟ್ಟು, ಹತ್ತಿರದ ಅರಣ್ಯ ಕಚೇರಿಗೋ ಪಶು ಆಸ್ಪತ್ರೆಗೋ ತಿಳಿಸಿ. ಸಂತೆಯಲ್ಲಿ ಮರಿ ಮಾರುವುದನ್ನು ಕಂಡರೆ ಕನ್ನಿಕರಕ್ಕೂ ಕೊಳ್ಳಬೇಡಿ. ಒಂದನ್ನು ಕೊಂಡರೆ ಮುಂದಿನ ಸಲ ಎರಡು ಪೊಟರೆಗೆ ಕೈ ಹಾಕುತ್ತಾರೆ. ಮನೆಯಲ್ಲಿ ಹಳೇ ಗಿಣಿ ಇದ್ದರೆ ಏಕಾಏಕಿ ಬಾಗಿಲು ತೆಗೆದು ಓಡಿಸಲೂ ಬೇಡಿ. ಹಾರಲು ಬಾರದ, ಮೇವು ಹುಡುಕಲು ಗೊತ್ತಿಲ್ಲದ ಹಕ್ಕಿ ಬೆಕ್ಕಿನ ಬಾಯಿಗೇ ಬೀಳುವುದು. ಇಲಾಖೆಗೆ ಒಪ್ಪಿಸಿ, ಗರಿ ಬರುವ ತನಕ ಕಾಯಿರಿ.

ಈಗಲೂ ಸಂಜೆ ಹಿಂಡು ಹಾದು ಹೋಗುವಾಗ ಅತ್ತೆ ಹಿತ್ತಿಲಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಕಾಲಿಗೆ ಉಂಗುರ ಗಿಂಗುರ ಏನೂ ಹಾಕಿರಲಿಲ್ಲ, ಎಲ್ಲ ಗಿಣಿಯೂ ಒಂದೇ ಹಸಿರು. "ನಮ್ಮ ಮೀನಾಕ್ಷಿ ಅದ್ರೊಳಗ ಅದಾ, ನೋಡವ್ವ, ನಿನ್ ಕಣ್ಣು ಚುರುಕು" ಅನ್ನುತ್ತಾರೆ.

"ಇರಬಹುದು ಅತ್ತೆ" ಅನ್ನುತ್ತೇನೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಬ್ಬರೂ ಮೇಲೆ ನೋಡುತ್ತೇವೆ.